ಕಪ್ ಕೇಳೋ ಮುಂಚೆ ಒಂದ್ಸಲ ಕೋರ್ಟ್ ಕಡೆ ಬನ್ನಿ

ಮುಂದಿನ ತಿಂಗಳು ವಿಟಿಯು ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ. ಪಿ.ಡಿ. ಸರ್ ನೋಟಿಸ್ ಬೋರ್ಡ್‌ಗೆ ಚೀಟಿ ಅಂಟಿಸಿದ್ದು ಸೋಮವಾರ ಬೆಳಿಗ್ಗೆ. ಮಧ್ಯಾಹ್ನ ಮೆಸ್‌ನಲ್ಲಿ ಅನ್ನ ಸಾರು ಬಡಿಸೋ ಹೊತ್ತಿಗೆ ಅದರ ಫೋಟೋ ಎಲ್ಲ ಗ್ರೂಪ್‌ಗಳಲ್ಲೂ ಓಡಾಡಿತ್ತು. ಅದರ ಕೆಳಗೆ ಬಂದ ಮೊದಲ ಮೆಸೇಜ್ ಯಾವುದು ಅಂತ ನಾನು ಹೇಳಬೇಕಾಗಿಲ್ಲ: "ಈ ಸಲ ಕಪ್ ನಮ್ದೇ."

ಕರ್ನಾಟಕದಲ್ಲಿ ಹುಟ್ಟಿದವರಿಗೆ ಈ ಮಾತು ರಕ್ತದಲ್ಲೇ ಬಂದಿದೆ. ಆರ್‌ಸಿಬಿಗೆ ಹದಿನೇಳು ಸೀಸನ್ ಇದನ್ನೇ ಹೇಳಿ, ಹದಿನೇಳು ಸಲವೂ ಬೇರೆ ಊರಿನವರ ಬಾಯಲ್ಲಿ ನಗೆಪಾಟಲಾಗಿ, ಕೊನೆಗೆ 2025ರ ಜೂನ್ 3ರಂದು ನಿಜ ಮಾಡಿಕೊಂಡವರು ನಾವು. ಹಾಗಾಗಿ ಆಸೆ ಇಟ್ಕೊಳ್ಳೋದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಬರೀತಿರೋದು ಆಸೆಯ ವಿರುದ್ಧ ಅಲ್ಲ. ಕಳೆದ ವರ್ಷ ನಮ್ಮ ಹಾಸ್ಟೆಲ್ ಗ್ರೂಪ್‌ನಲ್ಲಿ ಆ ಮಾತನ್ನ ಎಲ್ಲರಿಗಿಂತ ಮೊದಲು ಟೈಪ್ ಮಾಡಿದವನೇ ನಾನು. ಆಮೇಲೆ ಏನಾಯ್ತು, ಅದರಲ್ಲಿ ನನ್ನ ಪಾಲೆಷ್ಟು ಅಂತ ಹೇಳಿಬಿಟ್ಟು ಈ ಸೀಸನ್ ಬಗ್ಗೆ ಮಾತಾಡೋಣ.

ಕಳೆದ ವರ್ಷದ ಕ್ವಾರ್ಟರ್ ಫೈನಲ್ ನೆನಪಿದೆ ತಾನೆ? ಎದುರಾಳಿ ಕಾಲೇಜಿನ ಕೋರ್ಟು. ಕೊನೇ ಐದು ಸೆಕೆಂಡು ಇದ್ದಾಗ ನಾವು ಒಂದು ಪಾಯಿಂಟ್ ಹಿಂದೆ. ಲೇ-ಅಪ್‌ಗೆ ನುಗ್ಗಿದ ನಮ್ಮ ಸೆಕೆಂಡ್ ಇಯರ್ ಹುಡುಗನಿಗೆ ಫೌಲ್ ಆಯ್ತು, ಎರಡು ಫ್ರೀ ಥ್ರೋ ಸಿಕ್ಕಿತು. ಎರಡೂ ಬಿದ್ದರೆ ಗೆಲುವು, ಒಂದು ಬಿದ್ದರೆ ಓವರ್‌ಟೈಮ್. ಮೊದಲನೆಯದು ರಿಮ್‌ನ ಮುಂಭಾಗಕ್ಕೆ ಬಡಿದು ವಾಪಸ್ ಬಂತು. ಎರಡನೆಯದು ರಿಮ್ ಮೇಲೆ ಒಂದು ಸುತ್ತು ಹಾಕಿ ಹೊರಗೆ ಬಿತ್ತು. ಅಷ್ಟೇ, ಮ್ಯಾಚ್ ಮುಗೀತು.

ನಾನಿದನ್ನ ಕಣ್ಣಾರೆ ನೋಡಿದವನ ಥರ ಬರೆದಿದ್ದೀನಿ. ಆದರೆ ನಾನು ಅಲ್ಲಿ ಇರಲೇ ಇಲ್ಲ. ಹಾಸ್ಟೆಲ್ ರೂಮಲ್ಲಿ ಮಂಚದ ಮೇಲೆ ಬಿದ್ಕೊಂಡು, ಯಾರೋ ಕಳಿಸಿದ ಹದಿನೈದು ಸೆಕೆಂಡಿನ ವಿಡಿಯೋ ನೋಡಿದ್ದೆ. ಆ ಮ್ಯಾಚಿಗೆ ನಮ್ಮ ಕಾಲೇಜಿಂದ ಹೋಗಿದ್ದ ಸಪೋರ್ಟರ್ಸ್ ಎಷ್ಟು ಜನ ಗೊತ್ತಾ? ನಾಲ್ಕು. ಅದರಲ್ಲೂ ಇಬ್ಬರು ಬ್ಯಾಗ್ ಕಾಯೋಕೆ ಅಂತ ಹೋದವರು. ಆದರೆ ಅವತ್ತು ರಾತ್ರಿ ಹುಟ್ಟಿಕೊಂಡ ವಿಶ್ಲೇಷಕರು ಮಾತ್ರ ನಾನೂರು ಜನ. ಆ ಹುಡುಗ ತಲೆ ಮೇಲೆ ಕೈ ಹೊತ್ತು ನಿಂತ ಸ್ಕ್ರೀನ್‌ಶಾಟ್ ಎತ್ಕೊಂಡು ಮೀಮ್ ಮೇಲೆ ಮೀಮ್ ಬಂತು. "ಬ್ಯಾಕ್‌ಲಾಗ್ ಥರ ಕಪ್ಪನ್ನೂ ಮುಂದಿನ ವರ್ಷಕ್ಕೆ ತಳ್ಳಿಬಿಟ್ಟ" ಅನ್ನೋದು ನೀವೆಲ್ಲ ಹೆಚ್ಚು ಶೇರ್ ಮಾಡಿದ ಮೀಮ್. ಅದನ್ನ ಮಾಡಿದ್ದು ನಾನು.

ಮರುದಿನದಿಂದ ಆ ಹುಡುಗ ಕೋರ್ಟ್‌ಗೆ ಬರಲಿಲ್ಲ. ಸುಮಾರು ಮೂರು ತಿಂಗಳು.

ಅದು ನನ್ನ ತಲೆ ಕೊರೆಯೋಕೆ ಶುರುವಾಗಿದ್ದು ಒಂದು ವಿಚಿತ್ರ ಜಾಗದಲ್ಲಿ, ಪ್ರಾಬಬಿಲಿಟಿ ಕ್ಲಾಸಲ್ಲಿ. ಬನ್ನಿ, ಆ ಲೆಕ್ಕ ಇಲ್ಲೂ ಮಾಡೋಣ. ಐಎಗೆ ಬರುವಷ್ಟು ಕಷ್ಟದ್ದೇನಲ್ಲ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದ್ರೆ ದೊಡ್ಡ ವ್ಯವಹಾರ. ಸಾವಿರಗಟ್ಟಲೆ ಜನ ಕೂರೋ ಒಳಾಂಗಣ ಕ್ರೀಡಾಂಗಣ, ಸ್ಕಾಲರ್‌ಶಿಪ್, ಪೂರ್ಣಾವಧಿ ಕೋಚ್‌ಗಳು, ಟಿವಿ ನೇರ ಪ್ರಸಾರ ಎಲ್ಲ ಇದೆ. 2021ರಿಂದ ಆಟಗಾರರು ತಮ್ಮ ಹೆಸರು, ಫೋಟೋ ಬಳಕೆಯಿಂದ ದುಡ್ಡೂ ಮಾಡಬಹುದು. ಅಲ್ಲಿನ ಅತ್ಯುನ್ನತ ಹಂತವಾದ ಡಿವಿಷನ್ ಒಂದರ ಪುರುಷರ ತಂಡಗಳಲ್ಲಿ ಫ್ರೀ ಥ್ರೋ ಯಶಸ್ಸು ದಶಕಗಳಿಂದ ಸರಾಸರಿ ನೂರಕ್ಕೆ 70ರ ಆಸುಪಾಸಲ್ಲೇ ನಿಂತಿದೆ. ಹಾಗಾದರೆ ಅಲ್ಲಿನ ಸರಾಸರಿ ಆಟಗಾರ ಎರಡು ಫ್ರೀ ಥ್ರೋನೂ ಹಾಕೋ ಸಾಧ್ಯತೆ ಎಷ್ಟು? 0.7 ಗುಣಿಸು 0.7, ಅಂದರೆ ನೂರಕ್ಕೆ 49. ನಾಣ್ಯ ಚಿಮ್ಮಿದ ಹಾಗೆ.

ಈಗ ನಮ್ಮ ಹುಡುಗನಿಗೆ ನೂರಕ್ಕೆ 60 ಅಂತ ಹಿಡಿಯಿರಿ. ಎರಡೂ ಬೀಳೋ ಸಾಧ್ಯತೆ 36. ಒಂದು ಮಾತ್ರ ಬೀಳೋದು 48. ಎರಡೂ ತಪ್ಪೋದು 16. ಅಂದರೆ ಹೆಚ್ಚುಕಮ್ಮಿ ಆರರಲ್ಲಿ ಒಂದು ಸಲ. ದಾಳ ಎಸೆದಾಗ ಒಂದು ಬಿದ್ದರೆ ಯಾರಾದ್ರೂ ದಾಳದ ಮೇಲೆ ಮೀಮ್ ಮಾಡ್ತಾರಾ? ಇದು ಬರೀ ಅಂಕಿಯ ಮಾತಾಯ್ತು. ಇದರ ಮೇಲೆ ಎದುರಾಳಿ ಹಾಸ್ಟೆಲಿನ ಇನ್ನೂರು ಜನರ ಕೂಗು, ನಲವತ್ತು ನಿಮಿಷ ಓಡಿದ ಕಾಲು, ಪರಿಚಯವಿಲ್ಲದ ರಿಮ್ಮು, ಇದೆಲ್ಲ ಸೇರಿಸಿಲ್ಲ. ಗೆರೆಯಿಂದ ಬೋರ್ಡ್‌ಗೆ 4.6 ಮೀಟರ್, ರಿಮ್ ಎತ್ತರ 3.05 ಮೀಟರ್. ಅಳತೆ ಎಲ್ಲ ಕೋರ್ಟಲ್ಲೂ ಒಂದೇ. ಆದರೆ ಅಲ್ಲಿ ನಿಂತವನ ಎದೆಬಡಿತ ಒಂದೇ ಥರ ಇರಲ್ಲ.

ನಾವು ಅವನಿಂದ ಬಯಸಿದ್ದು ನೂರಕ್ಕೆ ನೂರು. ಅವನ ಕೈಲಿ ಇದ್ದದ್ದು 36. ಈ ಎರಡರ ನಡುವಿನ 64 ಅವನ ತಪ್ಪಲ್ಲ, ನಮ್ಮ ಅಂದಾಜಿನ ತಪ್ಪು. ಲ್ಯಾಬಲ್ಲಿ ರೀಡಿಂಗ್ ಐದು ಪರ್ಸೆಂಟ್ ಆಚೀಚೆ ಆದ್ರೆ "ಎಕ್ಸ್‌ಪೆರಿಮೆಂಟಲ್ ಎರರ್" ಅಂತ ರೆಕಾರ್ಡಲ್ಲಿ ಬರೆದು ಸಹಿ ಹಾಕಿಸ್ಕೊಳ್ಳೋ ಜನ ನಾವು. ಒಬ್ಬ ಮನುಷ್ಯನಿಗೆ ಮಾತ್ರ ಒಂದು ಪರ್ಸೆಂಟ್ ಟಾಲರೆನ್ಸೂ ಕೊಡಲ್ಲ.

"ಅವರಿಗೆ ಅಷ್ಟೂ ಆಗಲ್ಲ ಅಂದ್ರೆ ಟೀಮಿಗೆ ಯಾಕೆ ಬರಬೇಕು ಗುರು?" ಅಂತ ನನ್ನ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಕಾದ್ರೆ ನಮ್ಮ ಟೀಮಿನ ಒಂದು ದಿನ ನೋಡಿ. ಸಂಜೆ ನಾಲ್ಕೂವರೆವರೆಗೆ ಕ್ಲಾಸು, ಲ್ಯಾಬು. ಐದರಿಂದ ಆರೂವರೆ ಪ್ರಾಕ್ಟೀಸ್. ಕೋರ್ಟ್ ಸಿಮೆಂಟಿನದು, ಜಿಗಿದು ಇಳಿದಾಗೆಲ್ಲ ಮಂಡಿಗೆ ಲೆಕ್ಕ ಬರೀತಾ ಇರುತ್ತೆ. ನಾಲ್ಕು ಲೈಟಲ್ಲಿ ಉರಿಯೋದು ಒಂದು. ಶೂ ಅವರದೇ ದುಡ್ಡು. ಮ್ಯಾಚಿಗೆ ಹೋದ ದಿನ ಓಡಿ ಸಿಗುತ್ತೆ ಅಂತಾರೆ. ಆದರೆ ಆ ಓಡಿ ಲೆಟರ್‌ಗೆ ಸಹಿ ಹಾಕಿಸೋಕೆ ಓಡಾಡೋ ಓಟ ಇದೆಯಲ್ಲ, ಅದರ ಮುಂದೆ ಫಾಸ್ಟ್ ಬ್ರೇಕ್ ಏನೂ ಅಲ್ಲ. ಅಮೆರಿಕದವರ ಸೌಕರ್ಯ ಇವರಿಗಿಲ್ಲ, ಆರ್‌ಸಿಬಿಯವರ ಸಂಬಳ ಇಲ್ಲ. ಇಬ್ಬರ ಮೇಲಿನ ಒತ್ತಡ ಮಾತ್ರ ನಾವು ಪುಕ್ಕಟೆಯಾಗಿ ಕೊಟ್ಟಿದ್ದೀವಿ.

ಇಂಜಿನಿಯರಿಂಗ್ ಓದೋರ ಬ್ಯಾಸ್ಕೆಟ್‌ಬಾಲ್ ಅಂದ ಕೂಡಲೇ ನನಗೆ ಕ್ಯಾಲ್‌ಟೆಕ್ ನೆನಪಾಗುತ್ತೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರೋ ಆ ಸಂಸ್ಥೆಯಿಂದ ಹೊರಬಂದ ನೊಬೆಲ್ ವಿಜೇತರ ಪಟ್ಟಿ ಉದ್ದ ಇದೆ. ಅದರ ಬ್ಯಾಸ್ಕೆಟ್‌ಬಾಲ್ ತಂಡದ ಸೋಲಿನ ಪಟ್ಟಿ ಅದಕ್ಕಿಂತ ಬಹಳ ಉದ್ದ. ಅವರು ಆಡೋದು ಡಿವಿಷನ್ ಮೂರರಲ್ಲಿ. ಅಲ್ಲಿ ಆಟಕ್ಕಂತ ಸ್ಕಾಲರ್‌ಶಿಪ್ ಇಲ್ಲ, ಓದೋಕೆ ಬಂದವರೇ ಆಡಬೇಕು, ಥೇಟ್ ನಮ್ಮ ಥರ. 1985ರಿಂದ ಶುರುವಾಗಿ ತಮ್ಮ ಲೀಗಿನಲ್ಲಿ ಅವರು ಸತತವಾಗಿ ಸೋತ ಪಂದ್ಯ ಎಷ್ಟು ಗೊತ್ತಾ? 310. ತಂಡಕ್ಕೆ ಸೇರಿ, ನಾಲ್ಕು ವರ್ಷ ಆಡಿ, ಲೀಗಿನಲ್ಲಿ ಒಂದೂ ಗೆಲುವು ನೋಡದೆ ಡಿಗ್ರಿ ಹಿಡಿದು ಹೋದ ಬ್ಯಾಚುಗಳೇ ಎಷ್ಟೋ.

2011ರ ಫೆಬ್ರವರಿ 22ರಂದು ಆ ಸರಣಿ ಮುರೀತು. ಆಕ್ಸಿಡೆಂಟಲ್ ಕಾಲೇಜಿನ ವಿರುದ್ಧ 46-45. ಗೆಲುವಿನ ಆ ಒಂದು ಪಾಯಿಂಟ್ ಬಂದಿದ್ದು ಕೊನೇ ಕ್ಷಣದ ಫ್ರೀ ಥ್ರೋದಿಂದ. ಅದನ್ನ ಹಾಕಿದವನು ಕಂಪ್ಯೂಟರ್ ಸೈನ್ಸ್ ಓದ್ತಿದ್ದ ಅಂತಿಮ ವರ್ಷದ ರಯಾನ್ ಎಲ್ಮ್‌ಕ್ವಿಸ್ಟ್. ನಮ್ಮವನು ನಿಂತಿದ್ದ ಗೆರೆಯಲ್ಲೇ ಅವನೂ ನಿಂತಿದ್ದ. ವ್ಯತ್ಯಾಸ ಇಷ್ಟೇ, ಅವನದು ಬಿತ್ತು.

ನನಗೆ ಇದರಲ್ಲಿ ಮುಖ್ಯ ಅನ್ಸೋದು 311ನೇ ಪಂದ್ಯ ಅಲ್ಲ, 150ನೇದೋ 200ನೇದೋ ಪಂದ್ಯ. ಸೋಲ್ತೀವಿ ಅಂತ ಬಹುಪಾಲು ಗೊತ್ತಿದ್ದೂ ಶೂ ಲೇಸ್ ಕಟ್ಟಿ ಇಳಿದರಲ್ಲ, ಅವರು. ಅವರಲ್ಲಿ ಒಂದು ಬ್ಯಾಚು "ಥೂ, ಸಾಕು" ಅಂತ ಟೀಮ್ ಮುಚ್ಚಿಬಿಟ್ಟಿದ್ದರೂ ಎಲ್ಮ್‌ಕ್ವಿಸ್ಟ್‌ಗೆ ಆ ಫ್ರೀ ಥ್ರೋ ಹಾಕೋ ಅವಕಾಶವೇ ಇರ್ತಿರಲಿಲ್ಲ.

ಇನ್ನೊಂದು ಉದಾಹರಣೆ ಹೇಳಬೇಕು. ಇದು ತದ್ವಿರುದ್ಧ, ಎಲ್ಲರೂ ಗೆಲ್ಲುತ್ತೆ ಅಂದುಕೊಂಡಿದ್ದ ತಂಡದ್ದು. ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಲ್ಲಿ ಪ್ರತಿ ವಿಭಾಗದ ಒಂದನೇ ಶ್ರೇಯಾಂಕದ ತಂಡಕ್ಕೆ ಮೊದಲ ಪಂದ್ಯ ಹದಿನಾರನೇ ಶ್ರೇಯಾಂಕದವರ ಜೊತೆ. 2018ರವರೆಗೆ ಪುರುಷರ ಟೂರ್ನಿಯಲ್ಲಿ ಇಂಥ ಪಂದ್ಯ 135 ನಡೆದಿತ್ತು, 135ರಲ್ಲೂ ಒಂದನೇ ಶ್ರೇಯಾಂಕದವರೇ ಗೆದ್ದಿದ್ದರು. ಆ ವರ್ಷ ವರ್ಜೀನಿಯಾ ವಿಶ್ವವಿದ್ಯಾಲಯ ಯುಎಂಬಿಸಿ ಎಂಬ ಸಣ್ಣ ತಂಡದ ಎದುರು 74-54ರಿಂದ ಸೋತಿತು. ಇಡೀ ದೇಶ ನಕ್ಕಿತು. ಅಲ್ಲೂ ಮೀಮ್, ಅಲ್ಲೂ ಬೈಗುಳ. ಆ ತಂಡದ ಕೈಲ್ ಗೈ ಅನ್ನೋ ಹುಡುಗ ತನ್ನನ್ನ ಕಾಡ್ತಿದ್ದ ಆತಂಕದ ಬಗ್ಗೆ ಆಮೇಲೆ ಬಹಿರಂಗವಾಗಿಯೇ ಬರೆದುಕೊಂಡ.

ಮರುವರ್ಷ ಅದೇ ಕೋಚ್ ಟೋನಿ ಬೆನೆಟ್, ಹೆಚ್ಚುಕಮ್ಮಿ ಅದೇ ಹುಡುಗರು ಸೆಮಿಫೈನಲ್‌ಗೆ ಬಂದರು. ಆಬರ್ನ್ ವಿರುದ್ಧ 60-62. ಉಳಿದಿದ್ದು 0.6 ಸೆಕೆಂಡು. ಫೌಲ್ ಆಗಿ ಮೂರು ಫ್ರೀ ಥ್ರೋ ಸಿಕ್ಕಿದ್ದು ಯಾರಿಗೆ ಅಂತೀರಾ? ಅದೇ ಕೈಲ್ ಗೈಗೆ. ಮೂರೂ ಹಾಕಿದ. 63-62. ಎರಡು ದಿನ ಬಿಟ್ಟು ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ವಿರುದ್ಧ ಓವರ್‌ಟೈಮಲ್ಲಿ 85-77ರಿಂದ ಗೆದ್ದು ಚಾಂಪಿಯನ್ ಆದರು. ಒಂದು ರಾತ್ರಿಯ ಸೋಲನ್ನ ಹಿಡ್ಕೊಂಡು ಆ ತಂಡವನ್ನ ಬದಲಾಯಿಸಿಬಿಟ್ಟಿದ್ದರೆ, ಅಥವಾ ಆ ಹುಡುಗ ನಾಚಿಕೆಯಿಂದ ಕೋರ್ಟ್ ಬಿಟ್ಟಿದ್ದರೆ, ಇದು ಆಗ್ತಿರಲಿಲ್ಲ.

ಹಾಗಂತ ಎಲ್ಲ ಸೋಲೂ ಮುಂದೊಂದು ದಿನ ಗೆಲುವಾಗೇ ಆಗುತ್ತೆ ಅಂತ ಕಥೆ ಕಟ್ಟೋಕೆ ನಾನು ಬಂದಿಲ್ಲ. ಆಗದೆಯೂ ಇರಬಹುದು. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿ ನೇತುಹಾಕಿ ಈ ಆಟವನ್ನೇ ಕಂಡುಹಿಡಿದ ಜೇಮ್ಸ್ ನೇಯ್‌ಸ್ಮಿತ್ ಕೂಡ ಒಬ್ಬ ಪಿ.ಡಿ. ಸರ್ರೇ. ಆಮೇಲೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆಗಿ ಅವರು ಗೆದ್ದಿದ್ದು 55, ಸೋತಿದ್ದು 60. ಆಟ ಹುಟ್ಟಿಸಿದವರಿಗೇ ಆಟ ಅಷ್ಟು ಸುಲಭಕ್ಕೆ ಒಲೀಲಿಲ್ಲ. ನಮಗೆ ಒಲಿಯಲೇಬೇಕು ಅಂತ ಹಟ ಹಿಡಿಯೋಕೆ ನಾವ್ಯಾರು?

ಹಾಗಾದ್ರೆ ನಿರೀಕ್ಷೆಯೇ ಬೇಡವಾ? ಬೇಕು. ನಿರೀಕ್ಷೆಯೇ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮ ಕ್ಯಾಂಪಸ್ಸಲ್ಲೇ ಇದೆ. ನಮ್ಮ ಹುಡುಗಿಯರ ಟೀಮು. ಕಳೆದ ವರ್ಷ ಅವರು ಎಷ್ಟು ಪಂದ್ಯ ಆಡಿದರು, ಯಾರ ಜೊತೆ ಆಡಿದರು, ಗೆದ್ದರಾ ಸೋತರಾ ಹೇಳಿ ನೋಡೋಣ. ಗೊತ್ತಿಲ್ಲ ಅಲ್ವಾ? ನನಗೂ ಗೊತ್ತಿರಲಿಲ್ಲ. ಈ ಲೇಖನಕ್ಕಂತ ಕೇಳಿದಾಗ ಕ್ಯಾಪ್ಟನ್ ಹೇಳಿದ್ದು: "ನಮ್ಮ ಮೇಲೆ ಯಾರೂ ಮೀಮ್ ಮಾಡಲ್ಲ, ಅದೊಂದು ನೆಮ್ಮದಿ. ಆದ್ರೆ ಗೆದ್ದಾಗ್ಲೂ ಯಾರೂ ಏನೂ ಅನ್ನಲ್ಲ." ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ಸೋತಿದ್ದರಂತೆ. ಅಂದರೆ ಹುಡುಗರಷ್ಟೇ ದೂರ ಹೋಗಿದ್ದರು. ನಮ್ಮ ನಾಲ್ಕು ಜನ ಸಪೋರ್ಟರ್ಸ್‌ನಲ್ಲಿ ಒಬ್ಬರೂ ಅಲ್ಲಿಗೆ ಹೋಗಿರಲಿಲ್ಲ.

ಇಲ್ಲೇ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈನಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಡೀತು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಝಾಕ್‌ಸ್ತಾನವನ್ನ 75-73ರಿಂದ ಸೋಲಿಸಿ ಎ ಡಿವಿಷನ್‌ಗೆ ಏರಿದರು. ಮೆಜೆಸ್ಟಿಕ್‌ನಿಂದ ಆಟೋ ಹತ್ತಿದರೆ ಸಿಗೋ ಜಾಗದಲ್ಲಿ, ಎರಡೇ ಪಾಯಿಂಟಲ್ಲಿ, ಏಷ್ಯಾ ಮಟ್ಟದ ಫೈನಲ್ ಗೆದ್ದಿದ್ದು! ನಮ್ಮ ಬ್ಯಾಚಿನಲ್ಲಿ ಇದನ್ನ ಕೇಳಿದವರು ಎಷ್ಟು ಜನ? ಅತಿಯಾದ ನಿರೀಕ್ಷೆ ಒಬ್ಬನನ್ನ ಮೂರು ತಿಂಗಳು ಕೋರ್ಟಿಂದ ದೂರ ಇಟ್ಟಿತು. ಶೂನ್ಯ ನಿರೀಕ್ಷೆ ಇಡೀ ಒಂದು ತಂಡವನ್ನ ಕಾಣದ ಹಾಗೆ ಮಾಡಿತು. ಎರಡಕ್ಕೂ ಕಾರಣ ಒಂದೇ: ನಾವು ಸ್ಕೋರ್ ಕೇಳ್ತೀವಿ, ಆಟ ನೋಡಲ್ಲ.

ಆಟ ನೋಡಿದವನು ಈ ಸೀಸನ್‌ನಿಂದ ಏನು ನಿರೀಕ್ಷೆ ಮಾಡಬಹುದು? ಕಳೆದ ಮೂರು ವಾರದಿಂದ ನಾನು ಸಂಜೆ ಕೋರ್ಟ್ ಪಕ್ಕ ಕೂರ್ತಿದ್ದೀನಿ. ನನಗೆ ಕಂಡಿದ್ದು ಹೇಳ್ತೀನಿ.

ಹುಡುಗರ ಟೀಮಿನ ಮೊದಲ ಐದರಲ್ಲಿ ಮೂವರು ಪಾಸಾಗಿ ಹೋದರು. ರಿಮ್ ಕೆಳಗೆ ನಿಂತು ರೀಬೌಂಡ್ ಎತ್ತುತ್ತಿದ್ದ ನಮ್ಮ ಉದ್ದನೆಯ ಸೀನಿಯರ್ ಈಗ ಕೆಲಸಕ್ಕೆ ಸೇರಿ ಲ್ಯಾಪ್‌ಟಾಪ್ ಎತ್ತುತ್ತಿದ್ದಾರೆ. ಅವರ ಜಾಗಕ್ಕೆ ಅಷ್ಟು ಎತ್ತರದವರು ಯಾರೂ ಇಲ್ಲ. ಹಾಗಾಗಿ ರೀಬೌಂಡಲ್ಲಿ ಈ ವರ್ಷ ಪೆಟ್ಟು ತಿಂತೀವಿ, ಇದನ್ನ ಈಗಲೇ ಒಪ್ಪಿಕೊಳ್ಳೋಣ. ಆದರೆ ಫಸ್ಟ್ ಇಯರ್‌ಗೆ ಇಬ್ಬರು ಹುಡುಗರು ಬಂದಿದ್ದಾರೆ, ಪಿಯುಸಿಯಲ್ಲೇ ಆಡಿದವರು, ಕುಳ್ಳಗಿದ್ರೂ ಬಿಟ್ಟ ಬಾಣದ ಹಾಗೆ ಓಡ್ತಾರೆ. ಕ್ಯಾಪ್ಟನ್ ಈಗ ಇಡೀ ಕೋರ್ಟ್ ಉದ್ದಕ್ಕೂ ಒತ್ತೋ ಡಿಫೆನ್ಸ್ ಕಲಿಸ್ತಿದ್ದಾನೆ. ಬಾಲ್ ಕಿತ್ಕೊಂಡು ಎದುರಾಳಿ ತಿರುಗೋಷ್ಟರಲ್ಲಿ ಬುಟ್ಟಿಗೆ ಹಾಕೋ ಆಟ. ಹುಡುಗಿಯರ ಟೀಮಲ್ಲಿ ಹೋದವರು ಒಬ್ಬರೇ. ಒಟ್ಟಿಗೆ ಆಡಿ ಪಳಗಿದ ಗುಂಪು, ಪಾಸಿಂಗ್ ನೋಡೋಕೇ ಖುಷಿ. ನನ್ನ ಕೇಳಿದ್ರೆ ಈ ವರ್ಷ ಹುಡುಗರಿಗಿಂತ ಒಂದು ಸುತ್ತು ಮುಂದೆ ಹೋಗೋರು ಅವರೇ.

ಹಾಗಾಗಿ ನನ್ನ ನಿರೀಕ್ಷೆ ಇಷ್ಟು. ಹುಡುಗರು ಮೊದಲ ಪಂದ್ಯದಿಂದ ಕೊನೆಯ ಪಂದ್ಯಕ್ಕೆ ಬರೋಷ್ಟರಲ್ಲಿ ಸುಮ್ಮನೆ ಬಾಲ್ ಕಳ್ಕೊಳ್ಳೋದು ಕಡಿಮೆಯಾಗಬೇಕು. ನಾಲ್ಕನೇ ಕ್ವಾರ್ಟರಲ್ಲೂ ಮೊದಲ ಕ್ವಾರ್ಟರಿನ ಓಟ ಇರಬೇಕು. ಬೆಂಚಲ್ಲಿ ಕೂತ ಏಳು ಜನಕ್ಕೂ ಅಂಗಳ ಸಿಗಬೇಕು. ಸೋತರೆ ಎದುರಾಳಿಗೆ ಕೈ ಕೊಟ್ಟು ಬರಬೇಕು. ಇಷ್ಟನ್ನ ನಾನು ಜೋರಾಗೇ ಕೇಳ್ತೀನಿ, ಆಗದಿದ್ರೆ ಇದೇ ಪತ್ರಿಕೆಯಲ್ಲಿ ಬರೆದು ಕೇಳ್ತೀನಿ. ಟೀಕೆ ಬೇರೆ, ಟ್ರೋಲ್ ಬೇರೆ. ಟೀಕೆ ಮಾಡೋಕೆ ಆಟ ನೋಡಿರಬೇಕು, ಟ್ರೋಲ್ ಮಾಡೋಕೆ ಸ್ಕ್ರೀನ್‌ಶಾಟ್ ಸಾಕು.

ಕಾಲೇಜಿಂದ ನನ್ನ ನಿರೀಕ್ಷೆ: ಉಳಿದ ಮೂರು ಲೈಟು, ಮತ್ತೆ ಓಡಿ ಲೆಟರ್‌ಗೆ ಒಂದೇ ಟೇಬಲ್‌ನಲ್ಲಿ ಸಹಿ. ಇದು ಕಪ್ಪಿಗಿಂತ ತುಂಬಾ ಅಗ್ಗ.

ಇನ್ನು ನಮ್ಮಿಂದ? ಅದಕ್ಕೆ ಉತ್ತರವಾಗಿ ಕಳೆದ ವಾರದ ಒಂದು ಸಂಜೆ ಹೇಳಿ ಮುಗಿಸ್ತೀನಿ.

ಆ ಹುಡುಗ ವಾಪಸ್ ಬಂದಿದ್ದಾನೆ. ಪ್ರಾಕ್ಟೀಸ್ ಮುಗಿದು ಎಲ್ಲ ಹೋದ ಮೇಲೆ ಒಬ್ಬನೇ ಫ್ರೀ ಥ್ರೋ ಗೆರೆಯಲ್ಲಿ ನಿಂತಿದ್ದ. ನಾನು ಹತ್ತಿರ ಹೋದೆ. ನಾನು ಇಸಿ, ಅವನು ಮೆಕ್ಯಾನಿಕಲ್, ಅದುವರೆಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. "ಆ ಬ್ಯಾಕ್‌ಲಾಗ್ ಮೀಮ್ ಮಾಡಿದ್ದು ನಾನು ಮಗಾ, ಸಾರಿ" ಅಂದೆ. ಅವನು ಸ್ವಲ್ಪ ಹೊತ್ತು ಬಾಲ್ ಕುಟ್ಟುತ್ತಾ ನಿಂತ. ಆಮೇಲೆ ಅಂದ: "ಚೆನ್ನಾಗೇ ಇತ್ತು, ನಾನೂ ನಕ್ಕಿದ್ದೆ. ಆದ್ರೆ ನಮ್ ಚಿಕ್ಕಪ್ಪನ ಮಗ ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕ್ಬಿಟ್ಟ. ಅಪ್ಪ ಫೋನ್ ಮಾಡಿ, 'ಬ್ಯಾಕ್‌ಲಾಗ್ ಇದೆಯೇನೋ, ಆಟ ಆಡ್ಕೊಂಡು ಓದು ಹಾಳು ಮಾಡ್ಕೊಂಡ್ಯಾ' ಅಂತ ಕೇಳಿದ್ರು. ಇಲ್ಲಪ್ಪ ಅಂದ್ರೂ ನಂಬ್ಲಿಲ್ಲ. ಮಾರ್ಕ್ಸ್ ಕಾರ್ಡ್ ಬಂದ್ಮೇಲೇ ಆಡೋಕೆ ಬಿಟ್ಟಿದ್ದು."

ಮೂರು ತಿಂಗಳು ಅವನು ನಾಚಿಕೆಯಿಂದ ಬರಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ನನ್ನ ಒಂದು ಸಾಲಿನ ಜೋಕು ಅವನ ಮನೆಯಲ್ಲಿ ಏನಾಗಿ ಕೂತಿತ್ತು ಅನ್ನೋದರ ಅಂದಾಜೂ ನನಗಿರಲಿಲ್ಲ.

ಏನು ಹೇಳಬೇಕು ಗೊತ್ತಾಗದೆ ನಿಂತಿದ್ದೆ. ಅವನೇ, "ಸುಮ್ನೆ ನಿಂತಿದ್ರೆ ಆ ಕಡೆ ಹೋಗು, ಬಾಲ್ ಎತ್ಕೊಡು" ಅಂದ. ಹೋದೆ. ಐವತ್ತು ಹಾಕಿದ, ನಾನು ಎಣಿಸಿದೆ. 31 ಬಿತ್ತು, ನೂರಕ್ಕೆ 62. ನನ್ನ ಲೆಕ್ಕದ ಆಸುಪಾಸಲ್ಲೇ ಇದ್ದಾನೆ, ಆದರೆ ಅದನ್ನ ಅವನಿಗೆ ಹೇಳಲಿಲ್ಲ. ಈಗ ದಿನಾ ಆರೂವರೆಗೆ ಐವತ್ತು ಹಾಕ್ತಾನೆ, ನಾನು ಬಾಲ್ ಎತ್ಕೊಡ್ತೀನಿ. ನಿನ್ನೆ 34.

ಟೂರ್ನಿಯಲ್ಲಿ ಮತ್ತೆ ಅವನು ಆ ಗೆರೆಗೆ ಬಂದು ನಿಲ್ಲಬಹುದು. ಎರಡೂ ತಪ್ಪಲೂಬಹುದು. ಆಗ ಆ ಕೋರ್ಟ್ ಪಕ್ಕದಲ್ಲಿ ನಾಲ್ಕಕ್ಕಿಂತ ಜಾಸ್ತಿ ಜನ ಇರಬೇಕು ಅನ್ನೋದಷ್ಟೇ ನನ್ನಾಸೆ. ಮ್ಯಾಚ್ ದಿನ ಬೆಳಿಗ್ಗೆ ಏಳಕ್ಕೆ ಗೇಟ್ ಹತ್ತಿರ ಸೇರ್ತಿದ್ದೀವಿ, ಬಸ್ ಚಾರ್ಜ್ ಅವರವರದು. ಮಧ್ಯಾಹ್ನ ಹುಡುಗಿಯರ ಮ್ಯಾಚ್ ಇದೆ, ಅದು ಮುಗಿಸ್ಕೊಂಡೇ ವಾಪಸ್.